ಹಳೇ ಪೆಟ್ಟಿಗೆಗೆಲ್ಲ ಹುಣಸೆಹಣ್ಣೇ ಮದ್ದಲ್ಲ

ಮಾನ್ಯ ಸಂಪಾದಕರೇ,

ಹಳೆಯ ಪೆಟ್ಟಿಗೆ, ಕರಡಿಗೆ, ಭರಣಿಗಳಿಂದ ಮನೆ ಸಿಂಗರಿಸುವ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆವು. ಅಟ್ಟದಲ್ಲಿ ಬಿದ್ದದ್ದನ್ನು ಕೆಳಗಿಳಿಸಿ ಬಳಸಿ ಎಂಬ ಮಾತು ಒಪ್ಪತಕ್ಕದ್ದೇ. ಆದರೆ ಶುಚಿ ಮಾಡುವ ವಿಧಾನವೆಂದು ಕೊನೆಯಲ್ಲಿ ಕೊಟ್ಟಿರುವ ಮೂರು ಸಾಲು (ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಿಸಿಲಲ್ಲಿ ಒಣಗಿಸಿ, ಮೇಲೊಂದು ಕೋಟು ವಾರ್ನಿಷ್ ಹೊಡೆಯಿರಿ) ಓದಿ ಸುಮ್ಮನಿರಲಾಗಲಿಲ್ಲ. ಅದೇ ಪುಟದ ಚಿತ್ರದಲ್ಲಿ ಬಿದರಿಯ ಪಾನದಾನ, ಚನ್ನಪಟ್ಟಣದ ಕುಂಕುಮದ ಭರಣಿ, ಗಂಧದ ಕೆತ್ತನೆ ಪೆಟ್ಟಿಗೆ, ಹಿತ್ತಾಳೆ ಪಟ್ಟಿ ಬಡಿದ ಬೀಟೆಮರದ ಆಭರಣದ ಪೆಟ್ಟಿಗೆ ಸಾಲಾಗಿ ಕೂತಿವೆ. ಆ ಮೂರು ಸಾಲನ್ನು ಹಾಗೇ ಪಾಲಿಸಿದರೆ ನಾಲ್ಕರಲ್ಲಿ ಮೂರು ಪೂರ್ತಿ ಹಾಳು, ನಾಲ್ಕನೆಯದು ಅರ್ಧ ಹಾಳು. ಪೆಟ್ಟಿಗೆ ಯಾವುದರಿಂದ ಆಗಿದೆ ಎಂದು ತಿಳಿಯುವವರೆಗೆ ಒಣ ಬಟ್ಟೆ ಬಿಟ್ಟು ಬೇರೇನನ್ನೂ ಅದಕ್ಕೆ ಸೋಕಿಸಬಾರದು. ಒಳಗೆ ಏನಿಡಬಹುದು ಎಂಬುದೂ ಅದರ ಮೇಲೆಯೇ ನಿಂತಿದೆ.

ಮೊದಲು ಬಿದರಿ, ಏಕೆಂದರೆ ಅತಿ ಬೇಗ ಕೆಡುವುದು ಅದೇ. ಬಿದರಿ ಸಾಮಾನಿನ ಮೈ ಸತುವಿನದು. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಸತು, ಉಳಿದ ಚೂರು ತಾಮ್ರ. ಉಳಿಯಿಂದ ಗೀರು ಕೊರೆದು ಅದರಲ್ಲಿ ಬೆಳ್ಳಿಯ ತಂತಿ, ತಗಡು ಬಡಿದು ಕೂರಿಸುತ್ತಾರೆ. ಆಮೇಲೆ ಬೀದರ್ ಕೋಟೆಯ ಹಳೇ ಕಟ್ಟಡಗಳ ಮಣ್ಣನ್ನು ನವಸಾಗರದೊಂದಿಗೆ ನೀರಲ್ಲಿ ಕಲಸಿ, ಬಿಸಿ ಮಾಡಿದ ಸಾಮಾನಿಗೆ ಉಜ್ಜುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪು ಹಚ್ಚಿದ ಬಣ್ಣವಲ್ಲ, ಲೋಹದ ಮೇಲ್ಮೈಯೇ ಬದಲಾಗಿ ಆದ ತೆಳ್ಳನೆಯ ಪೊರೆ. ಹುಣಸೆಯ ಹುಳಿ, ನಿಂಬೆಯ ಹುಳಿ ಸತುವನ್ನು ತಿನ್ನುತ್ತವೆ. ನಿಮಿಷಗಳಲ್ಲಿ ಕಪ್ಪು ಹೋಗಿ ಬೂದಿ ಬಣ್ಣದ ತೇಪೆಗಳು ಏಳುತ್ತವೆ. ಅಂಗಡಿಯಲ್ಲಿ ಸಿಗುವ ಹಿತ್ತಾಳೆ ಪಾಲಿಶ್ ಪುಡಿಯೂ ದ್ರವವೂ ಇದೇ ಕೆಲಸ ಮಾಡುತ್ತವೆ. ಹೋದ ಕಪ್ಪನ್ನು ಮನೆಯಲ್ಲಿ ತರಲಾಗದು. ಬೀದರಿನ ಕುಶಲಕರ್ಮಿಗಳು ಮತ್ತೆ ಕಪ್ಪು ಮಾಡಿ ಕೊಡಬಲ್ಲರು. ಆದರೆ ಅದಕ್ಕೆ ಮೊದಲು ಮೈಯನ್ನು ಉಜ್ಜಿ ಸಮ ಮಾಡಬೇಕು, ಉಜ್ಜಿದಾಗ ಹಳೇ ಬೆಳ್ಳಿ ಗೆರೆಯ ಅಂಚೂ ಸ್ವಲ್ಪ ಸವೆಯುತ್ತದೆ. ಅಂಗೈಯಗಲದಷ್ಟು ಕಪ್ಪು ಹೋಗಿದ್ದರೆ ಮಾತ್ರ ಆ ದಾರಿ ಹಿಡಿಯಿರಿ. ಬೆರಳುಗುರುತಿನಷ್ಟಿದ್ದರೆ ಹಾಗೇ ಬಿಡುವುದು ಲೇಸು.

ದಿನನಿತ್ಯದ ಆರೈಕೆ ಸುಲಭ. ಹಳೇ ಮೆತ್ತನೆ ಪಂಚೆ ಬಟ್ಟೆಯಿಂದ ಒರೆಸಿ. ವರ್ಷಕ್ಕೊಂದು ಸಲ ಕೊಬ್ಬರಿ ಎಣ್ಣೆ ಒಂದೇ ಹನಿ ಬಟ್ಟೆಗೆ ಹಾಕಿ ಇಡೀ ಮೈಗೆ ಸವರಿ, ಐದು ನಿಮಿಷ ಬಿಟ್ಟು, ಬೇರೆ ಒಣ ಬಟ್ಟೆಯಿಂದ ಎಣ್ಣೆಯ ಸುಳಿವೂ ಉಳಿಯದಂತೆ ತೆಗೆಯಿರಿ. ಉಳಿದರೆ ಧೂಳು ಹಿಡಿದು ಜಿಗಟಾಗುತ್ತದೆ. ಬೆಳ್ಳಿ ಮಂಕಾಗಿದ್ದರೆ ಅಗಲ ತಗಡಿನ ಹೂವುಗಳ ಮೇಲೆ ಮಾತ್ರ, ಸೀಮೆಸುಣ್ಣದ ನಯವಾದ ಪುಡಿಯನ್ನು ನೀರಲ್ಲಿ ನೆನೆಸಿ, ಹತ್ತಿ ಸುತ್ತಿದ ಕಡ್ಡಿಯಿಂದ ಮೆಲ್ಲಗೆ ಉಜ್ಜಬಹುದು. ತಂತಿ ಕೆಲಸದ ಸಣ್ಣ ಗೆರೆಗಳನ್ನು ಮುಟ್ಟಬೇಡಿ, ಪಕ್ಕದ ಕಪ್ಪು ಏಳುತ್ತದೆ. ಪಾನದಾನ ಅಂದಮೇಲೆ ಎಲೆ, ಸುಣ್ಣ ಇಡಬಹುದಲ್ಲ ಎಂದು ಕೇಳುವವರಿದ್ದಾರೆ. ಹಸಿ ಸುಣ್ಣದ ಕ್ಷಾರವೂ ಸತುವನ್ನು ಕೊರೆಯುತ್ತದೆ, ಒದ್ದೆ ಎಲೆಯಿಂದ ಬಿಳಿ ಪುಡಿಯಂಥ ತುಕ್ಕು ಬರುತ್ತದೆ. ಒಳಗೊಂದು ಗಾಜಿನ ಅಥವಾ ಸ್ಟೀಲಿನ ಬಟ್ಟಲಿಟ್ಟು ಅದರಲ್ಲಿ ಇಡಿ. ಹುಳಿ ಪದಾರ್ಥವನ್ನಂತೂ ನೇರ ಹಾಕಲೇಬಾರದು. ಸತು ಕರಗಿ ಹೊಟ್ಟೆಗೆ ಸೇರುತ್ತದೆ. ಲವಂಗ, ಏಲಕ್ಕಿ, ಗುಂಡಿ, ಸೂಜಿ, ಉಂಗುರ ಇವುಗಳಿಗೆ ಅಡ್ಡಿಯಿಲ್ಲ.

ಚನ್ನಪಟ್ಟಣದ ಭರಣಿ, ಡಬ್ಬಿಗಳ ಶತ್ರು ಬೇರೆ. ಹಾಲೆಮರವನ್ನು ಲೇತಿನಲ್ಲಿ ತಿರುಗಿಸುತ್ತಾ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ಒಣಗಿದ ಎಲೆಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಅರಗು ನೀರಿಗೆ ಜಗ್ಗದು, ಸ್ಪಿರಿಟ್ಟಿಗೆ ಕರಗುತ್ತದೆ. ಕೊರೊನಾ ಕಾಲದಿಂದ ಮನೆಮನೆಯಲ್ಲಿ ಉಳಿದಿರುವ ಸ್ಯಾನಿಟೈಸರ್ ಅಂದರೆ ಬಹುಪಾಲು ಆಲ್ಕೋಹಾಲೇ. ಅದು ಹಚ್ಚಿದ ಒದ್ದೆ ಕೈಯಲ್ಲಿ ಭರಣಿ ಹಿಡಿದರೆ ಬೆರಳಚ್ಚು ಮೂಡುತ್ತದೆ. ಸ್ಯಾನಿಟೈಸರ್ ಬಟ್ಟೆಯಿಂದ ಒರೆಸಿದರೆ ಬಣ್ಣವೇ ಬಟ್ಟೆಗೆ ಬರುತ್ತದೆ. ಸೆಂಟು, ಉಗುರುಬಣ್ಣ ತೆಗೆಯುವ ದ್ರವ ಇವೂ ಇದೇ ಜಾತಿ. ಬಿಸಿಲೂ ಆಗದು: ಕಾದ ಕಿಟಕಿಯ ಹಲಗೆಯ ಮೇಲಿಟ್ಟರೆ ಅರಗು ಮೆತ್ತಗಾಗಿ ಮುಚ್ಚಳ ಬಾಯಿಗೆ ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಮರ ಹಿಗ್ಗಿ ಮುಚ್ಚಳ ಬಿಗಿಯುವುದೂ ಉಂಟು. ಎರಡು ಸಂದರ್ಭದಲ್ಲೂ ಚಾಕು ತೂರಿಸಬೇಡಿ. ಬಿಗಿದ ಡಬ್ಬಿಯನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬದಲ್ಲಿ ಎರಡು ಮೂರು ದಿನ ಇಟ್ಟು, ತಂಪು ಹೊತ್ತಿನಲ್ಲಿ ಎರಡೂ ಅಂಗೈಯಿಂದ ಹಿಡಿದು ತಿರುವಿ.

ಹಳೇ ಕುಂಕುಮದ ಭರಣಿಯ ತಳದಲ್ಲಿ ಉಳಿದಿರುವ ಕೆಂಪು ಪುಡಿಯನ್ನು ಹಣೆಗಿಡಬೇಡಿ. ಅರಿಶಿನದಿಂದ ಮಾಡಿದ ಕುಂಕುಮವಾದರೆ ಚಿಂತೆಯಿಲ್ಲ. ಆದರೆ ಸೀಸದಿಂದ ಮಾಡುವ ಸಿಂಧೂರವನ್ನೂ ಪಾದರಸದ ಇಂಗಳೀಕವನ್ನೂ ಇಂಥ ಡಬ್ಬಿಗಳಲ್ಲೇ ಇಡುತ್ತಿದ್ದರು, ಕಣ್ಣಳತೆಯಲ್ಲಿ ಗುರುತಿಸಲಾಗದು. ಒದ್ದೆ ಹತ್ತಿಯಿಂದ ತೆಗೆದು, ಹತ್ತಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಬಿಸಾಡಿ, ಕೈ ತೊಳೆಯಿರಿ. ಇಂಥ ಡಬ್ಬಿ ಮಕ್ಕಳ ಆಟಕ್ಕೂ ಸಲ್ಲದು.

ಗಂಧದ ಪೆಟ್ಟಿಗೆಗೆ ಬರೋಣ. ಸಾಗರ, ಸೊರಬ, ಶಿರಸಿ, ಕುಮಟಾ ಕಡೆಯ ಗುಡಿಗಾರರ ಕೆತ್ತನೆಯ ಪೆಟ್ಟಿಗೆಗಳು ಹತ್ತೊಂಬತ್ತನೇ ಶತಮಾನದಲ್ಲೇ ವಿಲಾಯತಿಯ ಪ್ರದರ್ಶನಗಳವರೆಗೆ ಹೋಗಿದ್ದವು. ಬಳ್ಳಿ, ಹಂಸ, ಯಾಳಿ, ದಶಾವತಾರ ಎಲ್ಲ ಒಂದೇ ಮುಚ್ಚಳದ ಮೇಲೆ ಒತ್ತೊತ್ತಾಗಿ, ಉಳಿಯ ಮೊನೆ ಆಡಿದಲ್ಲೆಲ್ಲ ಬೇರೆ ಬೇರೆ ಆಳದಲ್ಲಿ ಇರುತ್ತವೆ. ಆ ಆಳವೇ ಧೂಳಿನ ಮನೆ. ಒದ್ದೆ ಬಟ್ಟೆ ಹಾಕಿದಿರೋ, ಧೂಳು ಕೆಸರಾಗಿ ಮೂಲೆಯಲ್ಲಿ ಗಟ್ಟಿ ಕೂರುತ್ತದೆ, ಮರದ ಎಳೆಯೂ ಏಳುತ್ತದೆ. ಚಿತ್ರ ಬರೆಯುವ ಮೆತ್ತನೆಯ ಕುಂಚದಿಂದ ಧೂಳು ಎಬ್ಬಿಸುತ್ತಾ, ಇನ್ನೊಂದು ಕೈಯಲ್ಲಿ ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ ಎರಡು ಅಂಗುಲ ದೂರ ಹಿಡಿಯಿರಿ. ಪರದೆ ಏಕೆಂದರೆ ಸಡಿಲಾಗಿದ್ದ ಚೂರೇನಾದರೂ ಕಿತ್ತು ಬಂದರೆ ಅದು ಒಳಗೆ ಹೋಗದೆ ಪರದೆಗೇ ಅಂಟಿ ಸಿಗುತ್ತದೆ. ಸಿಕ್ಕ ಚೂರನ್ನು ಕಾಗದದ ಪೊಟ್ಟಣದಲ್ಲಿ ಹಾಕಿ, ಎಲ್ಲಿಯದು ಎಂದು ಬರೆದು, ಪೆಟ್ಟಿಗೆಯೊಳಗೇ ಇಡಿ. ಅಂಗಡಿಯ ದಿಢೀರ್ ಅಂಟು ಹಾಕಿ ನೀವೇ ಕೂರಿಸಲು ಹೋಗಬೇಡಿ. ಅದು ಮರದ ಎಳೆಯೊಳಗೆ ಹೀರಿ ಹೊಳೆಯುವ ಕಲೆಯಾಗುತ್ತದೆ.

ವಾಸನೆ ಹೋಗಿದೆ ಎಂದು ಗಂಧದೆಣ್ಣೆ ಸವರುವುದು, ಒಳಗೆ ಸೆಂಟು ಚಿಮುಕಿಸುವುದು, ಮರಳು ಕಾಗದ ಉಜ್ಜುವುದು ಮೂರೂ ತಪ್ಪು. ಎಣ್ಣೆ ಕಪ್ಪು ಕಲೆ ಬಿಡುತ್ತದೆ. ಮರಳು ಕಾಗದ ಆ ದಿನಕ್ಕೆ ಪರಿಮಳ ಕೊಟ್ಟು, ಒಳಮೈಯ ಉಳಿಗುರುತನ್ನು ಅಳಿಸುತ್ತದೆ. ಮುಚ್ಚಳ ತೆರೆದೇ ಇಟ್ಟಿದ್ದರೆ ವಾಸನೆ ತಿಳಿಯದು. ವಾರವೆರಡು ವಾರ ಮುಚ್ಚಿಟ್ಟು ತೆಗೆದು ನೋಡಿ: ಒಳಗಿನಿಂದ ಮೆಲ್ಲಗೆ ಬಂದರೆ ಗಂಧ. ಮೇಲ್ಮೈಯಲ್ಲೇ ಘಮ್ಮೆಂದು ಬಂದು ಕೆಲವೇ ತಿಂಗಳಲ್ಲಿ ಸತ್ತರೆ ಯಾವುದೋ ಬಿಳಿ ಮರಕ್ಕೆ ಎಸೆನ್ಸ್ ಹಚ್ಚಿದ್ದು. ಎಳೆಯನ್ನೂ ನೋಡಿ. ಗಂಧದ ಎಳೆ ಬಲು ನಯ, ಒತ್ತಾದದ್ದು. ಅದೇ ಗಾತ್ರದ ಅಗ್ಗದ ಬಿಳಿ ಮರಕ್ಕಿಂತ ಕೈಗೆ ಭಾರ. ಗಂಧದ ಪೆಟ್ಟಿಗೆಯಲ್ಲಿ ನುಸಿಗುಳಿಗೆ, ಕರ್ಪೂರ ಇಟ್ಟರೆ ಆ ವಾಸನೆ ಮರ ಹೀರಿ ಮತ್ತೆ ಬಿಡುವುದೇ ಇಲ್ಲ. ಇದಕ್ಕೆ ಮೇಣ, ವಾರ್ನಿಷ್ ಏನೂ ಬೇಡ.

ಇನ್ನು ಬೀಟೆ, ತೇಗ, ಹಲಸಿನ ಪೆಟ್ಟಿಗೆಗಳು. ಕರಾವಳಿ, ಕೊಡಗು, ಮಲಬಾರುಗಳ ಮನೆಗಳಲ್ಲಿ ಸಿಗುವ, ಮಾಡಿನಂತೆ ಇಳಿಜಾರು ಮುಚ್ಚಳ, ನಡುವೆ ಹಿತ್ತಾಳೆಯ ಹಿಡಿಕೆ, ಮೂಲೆಗೆಲ್ಲ ಹಿತ್ತಾಳೆ ಪಟ್ಟಿ ಇರುವ ಆಭರಣದ ಪೆಟ್ಟಿಗೆಗೆ ನೆಟ್ಟೂರು ಪೆಟ್ಟಿ ಎಂದೇ ಹೆಸರು. ಈಗ ಪೇಟೆಯಲ್ಲಿ ಹೊಸದಾಗಿ ಮಾಡಿ ಹಳತೆಂದು ಮಾರುವುದರಲ್ಲಿ ಮೊದಲ ಸ್ಥಾನ ಇದಕ್ಕೆ. ಕೊಳ್ಳುವ ಮೊದಲು ತಲೆಕೆಳಗೆ ಮಾಡಿ ನೋಡಿ. ಮುಂಭಾಗಕ್ಕೆ ಎಲ್ಲರೂ ಶ್ರಮ ಹಾಕುತ್ತಾರೆ, ತಳಕ್ಕೆ ಯಾರೂ ಹಾಕುವುದಿಲ್ಲ. ತಳದಲ್ಲಿ ಪ್ಲೈವುಡ್ ಇದ್ದರೆ ಅಲ್ಲಿಗೆ ಮುಗಿಯಿತು. ಹಲಗೆಯ ಒಳಮೈಯಲ್ಲಿ ಬಿಲ್ಲಿನಂತೆ ಬಾಗಿದ, ಒಂದೇ ಅಂತರದ ಗೆರೆಗಳಿದ್ದರೆ ಯಂತ್ರದ ದುಂಡು ಗರಗಸ. ಕೈ ಗರಗಸದ ಗೆರೆ ನೇರ, ಅಂತರ ಏರುಪೇರು. ಸ್ಕ್ರೂ ತೆಗೆದು ನೋಡಲು ಮಾರುವವ ಒಪ್ಪಿದರೆ ಒಂದನ್ನು ತೆಗೆಯಿರಿ. 1840ರ ದಶಕದ ಕೊನೆಯವರೆಗೆ ಸ್ಕ್ರೂಗಳ ತುದಿ ಮೊಂಡು, ತಲೆಯ ಸೀಳು ನಡುವಿನಿಂದ ಅತ್ತಿತ್ತ. ಚೂಪು ತುದಿಯ ಯಂತ್ರದ ಸ್ಕ್ರೂ ಬಂದದ್ದು ಆಮೇಲೆ. ನಾಲ್ಕು ಮೂಲೆಯ ನಕ್ಷತ್ರದ ತಲೆಯ ಸ್ಕ್ರೂವಿಗೆ ಪೇಟೆಂಟ್ ಸಿಕ್ಕಿದ್ದೇ 1930ರ ದಶಕದಲ್ಲಿ. ಅದೊಂದರಿಂದಲೇ ಪೆಟ್ಟಿಗೆ ಹೊಸದು ಎನ್ನಬೇಡಿ, ಕೀಲು ಬದಲಾಗಿರಬಹುದು. ಆದರೆ ಎಲ್ಲ ಸ್ಕ್ರೂವೂ ಅದೇ ಆಗಿದ್ದು, ಹಿಂದೆ ಬೇರೆ ತೂತಿನ ಗುರುತೂ ಇಲ್ಲದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ. ಸವೆತವೂ ಸುಳಿವು ಕೊಡುತ್ತದೆ. ಕೈ ಹತ್ತುವ ಕಡೆ, ಅಂದರೆ ಹಿಡಿಕೆಯ ಕೆಳಭಾಗ, ಮುಚ್ಚಳದ ಮುಂದಿನ ಅಂಚು, ತಳದ ಮೂಲೆಗಳು ನುಣುಪಾಗಿರಬೇಕು. ಕೈ ಹೋಗದ ಕಡೆಯೂ ಸಮನಾಗಿ ಸವೆದಿದ್ದರೆ ಅದು ಉಜ್ಜಿ ಮಾಡಿದ ಸವೆತ.

ಕೆಲವು ಪೆಟ್ಟಿಗೆಗಳ ಒಳಗೆ ಹಳೇ ಪತ್ರಿಕೆ, ಪಂಚಾಂಗದ ಹಾಳೆ ಅಂಟಿಸಿರುತ್ತಾರೆ. ಕೊಳಕೆಂದು ಕಿತ್ತೆಸೆಯಬೇಡಿ. ಆ ಪೆಟ್ಟಿಗೆ ಯಾವ ಕಾಲದಲ್ಲಿ ಬಳಕೆಯಲ್ಲಿತ್ತು ಎಂಬುದಕ್ಕೆ ಹಾಳೆಯ ಮೇಲಿನ ತಾರೀಖೂ ಒಂದು ಸುಳಿವು. ಹೊಸದಾಗಿ ಹಾಸುವುದಕ್ಕೆ ಮಾತ್ರ ಪತ್ರಿಕೆ ಬಳಸಬೇಡಿ (ನಿಮ್ಮ ಪತ್ರಿಕೆಯನ್ನೂ ಸೇರಿಸಿ ಹೇಳುತ್ತಿದ್ದೇವೆ, ಬೇಸರ ಬೇಡ). ಆ ಕಾಗದದ ಆಮ್ಲ ಬಟ್ಟೆ, ಫೋಟೊ ಹಳದಿಯಾಗಿಸುತ್ತದೆ, ಅದರಲ್ಲಿನ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಒಗೆದು ಗಂಜಿ ತೆಗೆದ ಬಿಳಿ ಕೋರಾ ಬಟ್ಟೆ ಹಾಸಿ.

ಮರದ ಮೇಲಿನ ಹೊಳಪು ಯಾವುದೆಂದು ತಿಳಿಯದೆ ಏನೂ ಹಚ್ಚಬಾರದು. ತಳದ ಕಾಣದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಕಡ್ಡಿಯನ್ನು ಅರ್ಧ ನಿಮಿಷ ಒತ್ತಿ. ಜಿಗಟಾಗಿ ಕಂದು ಬಣ್ಣ ಬಂದರೆ ಚಪಡಾ ಅರಗಿನ ಹಳೇ ಪಾಲಿಶ್. ಸ್ಪಿರಿಟ್ಟಿಗೆ ಜಗ್ಗದಿದ್ದರೆ ಈಚಿನ ಲ್ಯಾಕರ್ರೋ ಪಾಲಿಯುರೆಥೇನೋ ಆಗಿರಬಹುದು. ಲೇಖನದಲ್ಲಿ ಹೇಳಿದ ವಾರ್ನಿಷ್ ಇದೇ ಕೊನೆಯ ಜಾತಿ. ಹಳೇ ಅರಗಿನ ಮೇಲೆ ಅದನ್ನು ಹೊಡೆದರೆ ಒಂದೆರಡು ವರ್ಷದಲ್ಲಿ ಮೂಲೆ ಜೋಡಣೆಗಳ ಬಳಿ ಸೀಳು ಬಿಟ್ಟು ಪೊರೆಯಾಗಿ ಏಳುತ್ತದೆ, ಏಕೆಂದರೆ ಮರ ಹಿಗ್ಗಿ ಕುಗ್ಗಿದಷ್ಟು ಆ ಪೊರೆ ಬಾಗುವುದಿಲ್ಲ. ತೆಗೆಯಲು ಮರಳು ಕಾಗದವೇ ಗತಿ. ಮೈಸೂರಿನ ಬೀಟೆಮರದ ಕುಂದಣ ಕೆಲಸದಂಥದ್ದಾದರೆ (ಮರದಲ್ಲಿ ಬೇರೆ ಬಣ್ಣದ ಚೂರು ಕೂರಿಸಿದ ಚಿತ್ತಾರ) ಕಾಗದ ಆಡಿಸಿದಷ್ಟೂ ಚಿತ್ರ ಸವೆಯುತ್ತದೆ.

ವಾರ್ನಿಷ್ ಬದಲು ಮೇಣ ಸಾಕು. ಶುದ್ಧ ಜೇನುಮೇಣ 50 ಗ್ರಾಂ ತುರಿದು ಸ್ಟೀಲ್ ಲೋಟದಲ್ಲಿ ಹಾಕಿ, ಲೋಟವನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ. ಒಲೆ ಪೂರ್ತಿ ಆರಿಸಿ, ಲೋಟವನ್ನು ಅಡುಗೆಮನೆಯಿಂದ ಹೊರಗೆ ತಂದ ಮೇಲೆ 150 ಮಿ.ಲೀ. ಟರ್ಪೆಂಟೈನ್ ಸುರಿದು ಕಡ್ಡಿಯಿಂದ ಕದಡಿ. ಒಲೆಯ ಪಕ್ಕ ಸುರಿದರೆ ಆವಿಗೆ ಬೆಂಕಿ ಹತ್ತುತ್ತದೆ. ಈ ಒಂದು ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆರಿದ ಮೇಲೆ ಬೆಣ್ಣೆಯಂತೆ ಆಗುತ್ತದೆ. ಕಡಲೆಕಾಳಿನಷ್ಟನ್ನು ಬಟ್ಟೆಯಲ್ಲಿ ತೆಗೆದುಕೊಂಡು, ಎಳೆಯ ಉದ್ದಕ್ಕೆ ತೆಳ್ಳಗೆ ಸವರಿ, ಇಪ್ಪತ್ತು ನಿಮಿಷ ಬಿಟ್ಟು ಒಣ ಬಟ್ಟೆಯಿಂದ ತಿಕ್ಕಿ. ವರ್ಷಕ್ಕೆ ಎರಡು ಸಲ ಮೀರಬೇಡಿ. ಹೆಚ್ಚು ಹಚ್ಚಿದರೆ ಬೆರಳಿಗಂಟುವ ಪದರವಾಗುತ್ತದೆ. ಮೇಣ ಬಳಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯದೆ ಹೊರಗೆ ಹರಡಿ ಒಣಗಿಸಿ. ಕೊಬ್ಬರಿ ಎಣ್ಣೆ ಮರಕ್ಕೆ ಬೇಡ: ಕಮಟು ಹಿಡಿದು ಜಿರಳೆ ಕರೆಯುತ್ತದೆ. ಅಗಸೆ ಎಣ್ಣೆ ವರ್ಷ ಕಳೆದಂತೆ ಕಪ್ಪಾಗುತ್ತದೆ.

ಮರದ ಮೇಲಿನ ಹಿತ್ತಾಳೆ ಪಟ್ಟಿ, ಮೊಳೆತಲೆಗಳನ್ನು ಪಾಲಿಶ್ ಮಾಡುವಾಗ ಸುತ್ತಲ ಮರದ ಸಂದಿಗೆ ಸೇರುವ ಬಿಳಿ ಗಸಿ ನಿಮಗೆಲ್ಲ ಗೊತ್ತು. ಒಣಗಿದ ಮೇಲೆ ಅದು ಬರುವುದೇ ಇಲ್ಲ. ಹಳೇ ಆಹ್ವಾನ ಪತ್ರಿಕೆಯ ದಪ್ಪ ಕಾಗದದಲ್ಲಿ ಪಟ್ಟಿಯ ಆಕಾರದ ಕಿಂಡಿ ಕತ್ತರಿಸಿ, ಅದನ್ನು ಮರದ ಮೇಲೆ ಒತ್ತಿಟ್ಟು, ಕಿಂಡಿಯೊಳಗಷ್ಟೇ ಉಜ್ಜಿ. ನಮ್ಮನ್ನು ಕೇಳಿದರೆ ಉಜ್ಜದಿರುವುದೇ ಚೆಂದ; ತಗ್ಗಿನಲ್ಲಿ ಕಂದು, ಉಬ್ಬಿನಲ್ಲಿ ಹೊಳಪು ಇದ್ದರೇ ಕೊರೆದ ಗೆರೆ ಎದ್ದು ಕಾಣುವುದು. ಬರೀ ಹಿತ್ತಾಳೆಯ ಎಲೆಅಡಿಕೆ ಪೆಟ್ಟಿಗೆಯಾದರೆ ಹುಣಸೆಹಣ್ಣಿಗೆ ಅಷ್ಟು ವಿರೋಧವಿಲ್ಲ, ನಿಯಮ ಮಾತ್ರ ಇದೆ: ಎರಡು ನಿಮಿಷ ಮೀರಬಾರದು, ಉಪ್ಪು ಸೇರಿಸಬಾರದು. ಹೆಚ್ಚು ಹೊತ್ತು ಬಿಟ್ಟರೆ ಮೇಲ್ಮೈಯ ಸತು ಕರಗಿ ತಾಮ್ರದ ಗುಲಾಬಿ ಛಾಯೆ ಬರುತ್ತದೆ. ಉಪ್ಪಿನ ಅಂಶ ಕೀಲಿನ ಸಂದಿಯಲ್ಲಿ ಉಳಿದು ವಾರದಲ್ಲಿ ಹಸಿರು ಕಿಲುಬು ಎದ್ದೇಳುತ್ತದೆ. ಸಾಕಷ್ಟು ನೀರಲ್ಲಿ ತೊಳೆದು, ಒರೆಸಿ, ಕೂದಲು ಒಣಗಿಸುವ ಡ್ರೈಯರಿನಿಂದ ಕೀಲಿನ ಒಳಗನ್ನೂ ಒಣಗಿಸಿ. ಒಳಗೆ ಕಲಾಯಿ ಸವೆದಿದ್ದರೆ ತಿನ್ನುವ ವಸ್ತು ಇಡುವ ಮೊದಲು ಮತ್ತೆ ಕಲಾಯಿ ಹಾಕಿಸಬೇಕು. ಬೆಳ್ಳಿ ಕರಡಿಗೆಗೆ ವಿಭೂತಿ ಉಜ್ಜುವ ರೂಢಿ ಇದೆ; ಹೊಳಪು ಬರುವುದು ನಿಜ, ಪ್ರತಿ ಸಲ ಕೂದಲೆಳೆಯಷ್ಟು ಬೆಳ್ಳಿ ಹೋಗುವುದೂ ನಿಜ. ಚಿತ್ತಾರವಿರುವ ಕರಡಿಗೆಗೆ ವರ್ಷಕ್ಕೊಮ್ಮೆ ಸಾಕು. ರಬ್ಬರ್ ಬ್ಯಾಂಡು ಸುತ್ತಿಟ್ಟರೆ ಅದರ ಗಂಧಕ ಬೆಳ್ಳಿಯ ಮೇಲೆ ಕಪ್ಪು ಪಟ್ಟೆ ಬರೆಯುತ್ತದೆ.

ಹುಳುವಿನ ವಿಷಯ ಲೇಖನದಲ್ಲಿ ಬಂದೇ ಇಲ್ಲ. ಪೇಟೆಯಿಂದ ತಂದ ಯಾವುದೇ ಮರದ ಪೆಟ್ಟಿಗೆಯನ್ನು ಮನೆಯ ಉಳಿದ ಮರದ ಸಾಮಾನಿನ ಜೊತೆ ತಕ್ಷಣ ಇಡಬೇಡಿ. ಕಪ್ಪು ಕಾಗದದ ಮೇಲೆ ಮೂರು ವಾರ ಇಟ್ಟು ನೋಡಿ. ಗುಂಡುಸೂಜಿ ತಲೆಯಷ್ಟು ತೂತುಗಳ ಕೆಳಗೆ ಮೈದಾದಂಥ ಹುಡಿ ಬಿದ್ದರೆ ಕುಟ್ಟೆ ಇನ್ನೂ ಬದುಕಿದೆ. ತೂತು ಇದ್ದು ಹುಡಿ ಇಲ್ಲದಿದ್ದರೆ ಬಹುಪಾಲು ಹಳೇ ಕಥೆ. ಬೀಟೆ, ತೇಗದ ಕೆಚ್ಚಿಗೆ ಅದು ಸಾಮಾನ್ಯವಾಗಿ ಬರುವುದಿಲ್ಲ, ತಳಕ್ಕೂ ಹಿಂಬದಿಗೂ ಹಾಕಿದ ಮಾವಿನ ಹಲಗೆಗೆ, ಮರದ ಬಿಳಿ ಭಾಗಕ್ಕೆ ಬರುತ್ತದೆ. ಸೀಮೆಎಣ್ಣೆ ಸುರಿಯುವುದರಿಂದ ಕಲೆ, ವಾಸನೆ, ಬೆಂಕಿಯ ಅಪಾಯ ಮೂರೂ ಸಿಗುತ್ತವೆ, ಆಳದ ಹುಳು ಸಾಯುವುದಿಲ್ಲ. ಬೇವಿನೆಣ್ಣೆಯೂ ಅಷ್ಟು ಆಳಕ್ಕಿಳಿಯದು. ಸಣ್ಣ ಪೆಟ್ಟಿಗೆಗೆ ಒಳ್ಳೆಯ ಉಪಾಯ ಚಳಿ. ಬಟ್ಟೆ ಸುತ್ತಿ, ಪಾಲಿಥಿನ್ ಚೀಲದಲ್ಲಿ ಗಾಳಿ ಹಿಂಡಿ ತೆಗೆದು ಬಾಯಿ ಮುಚ್ಚಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಪೂರ್ತಿ ಚೀಲ ಬಿಚ್ಚಬೇಡಿ. ಬಿಚ್ಚಿದರೆ ಗಾಳಿಯ ನೀರು ಮರದ ಮೇಲೇ ಕೂರುತ್ತದೆ. ಫ್ರಿಜ್ಜಿನ ಐಸ್ ಅರೆಯನ್ನು ನಂಬಬೇಡಿ, ಎಷ್ಟೋ ಫ್ರಿಜ್ಜುಗಳಲ್ಲಿ ಅಷ್ಟು ಚಳಿ ಇರುವುದಿಲ್ಲ. ಅರಗಿನ ಕೆಲಸ, ಬಣ್ಣದ ಚಿತ್ರ, ಕನ್ನಡಿ, ಮೂಳೆ ಅಥವಾ ಚಿಪ್ಪು ಕೂರಿಸಿದ್ದು ಇದ್ದರೆ ಈ ವಿಧಾನ ಸಲ್ಲ. ಒಂದೊಂದು ವಸ್ತು ಒಂದೊಂದು ಅಳತೆಯಲ್ಲಿ ಕುಗ್ಗಿ ಸಿಡಿಯುತ್ತದೆ.

ಬಿರುಕು ಕಂಡ ಕೂಡಲೇ ತುಂಬಿಸುವ ಆತುರವೂ ಬೇಡ. ಮಂಗಳೂರಿನ ಮಳೆಗಾಲದಲ್ಲಿ ಗಾಳಿಯ ತೇವ ಶೇ 85 ದಾಟುವುದು ಮಾಮೂಲು, ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಅದು ಶೇ 30ಕ್ಕೂ ಕೆಳಗಿಳಿಯುತ್ತದೆ. ಒಂದಡಿ ಅಗಲದ ಹಲಗೆ ಈ ನಡುವೆ ಎರಡು ಮೂರು ಮಿ.ಮೀ. ಹಿಗ್ಗಿ ಕುಗ್ಗಬಲ್ಲದು, ಅದೂ ಎಳೆಗೆ ಅಡ್ಡವಾಗಿ ಮಾತ್ರ. ಬೇಸಿಗೆಯಲ್ಲಿ ಬಿಟ್ಟ ಬಿರುಕಿಗೆ ಪುಟ್ಟಿ ತುಂಬಿದರೆ ಆಷಾಢದಲ್ಲಿ ಹಲಗೆ ಹಿಗ್ಗಿ, ಜಾಗ ಸಾಲದೆ, ಪಕ್ಕದ ಜೋಡಣೆಯನ್ನೇ ಒಡೆಯುತ್ತದೆ. ಒಂದು ಮಳೆಗಾಲ, ಒಂದು ಬೇಸಿಗೆ ಪೂರ್ತಿ ನೋಡಿ; ಆಮೇಲೂ ಅಷ್ಟೇ ಉಳಿದ ಬಿರುಕಿಗೆ ಅದೇ ಮರದ ಸೀಳು ಕೂರಿಸಬಹುದು. ಎ.ಸಿ. ಗಾಳಿ ನೇರ ಬೀಳುವಲ್ಲಿ ಪೆಟ್ಟಿಗೆ ಬೇಡವೇ ಬೇಡ. ಜೋಡಣೆ ಬಿಟ್ಟಿದ್ದರೆ ಎರಡು ಟ್ಯೂಬಿನ ಗಟ್ಟಿ ಅಂಟು ಹಾಕಿಸಬೇಡಿ. ಹಿಂದಿನವರು ಹಾಕಿದ್ದು ಸರೇಸು, ಚರ್ಮ ಮೂಳೆ ಬೇಯಿಸಿ ತೆಗೆದ ಅಂಟು. ಬಿಸಿ ನೀರಿನ ಹಬೆಗೆ ಅದು ಬಿಡುತ್ತದೆ, ಹಾಗಾಗಿ ಐವತ್ತು ವರ್ಷದ ನಂತರವೂ ಮರ ಒಡೆಯದೆ ಬಿಚ್ಚಿ ಸರಿಪಡಿಸಬಹುದು. ಸರೇಸಿನ ಹರಳು ಒಂದು ಪಾಲಿಗೆ ನೀರು ಎರಡು ಪಾಲು ಹಾಕಿ ರಾತ್ರಿ ನೆನೆಸಿ, ಬೆಳಿಗ್ಗೆ ಬಿಸಿನೀರಿನ ಪಾತ್ರೆಯಲ್ಲಿಟ್ಟು 60 ಡಿಗ್ರಿಯಲ್ಲಿ ಕರಗಿಸಿ. ಕುದಿಸಿದರೆ ಹಿಡಿತ ಹೋಗುತ್ತದೆ.

ಬಳಕೆಯ ಬಗ್ಗೆ ಲೇಖನದ ಒಂದೆರಡು ಸಲಹೆಗಳನ್ನು ತಿದ್ದಲೇಬೇಕು. ದೊಡ್ಡ ಸಂದೂಕಕ್ಕೆ ಗಾಲಿ ಹೊಡೆಸಿ ಟೀಪಾಯಿ ಮಾಡುವುದೆಂದರೆ ತಳದ ಹಲಗೆಗೆ ಹದಿನಾರು ತೂತು. ಅದರ ಬದಲು ಎರಡು ಅಂಗುಲ ಎತ್ತರದ ಪ್ರತ್ಯೇಕ ಮರದ ಚೌಕಟ್ಟು ಮಾಡಿಸಿ ಅದರ ಮೇಲಿಡಿ. ದಿನಾ ನೆಲ ಒರೆಸುವ ಮನೆಯಲ್ಲಿ ಫಿನೈಲು ನೀರು ಮುಟ್ಟಿ ಮುಟ್ಟಿ ಮೊದಲು ಕೊಳೆಯುವುದು ಸಂದೂಕದ ತಳವೇ. ಗೋಡೆಯಿಂದ ನಾಲ್ಕು ಅಂಗುಲ ಬಿಡಿ. ಮುಚ್ಚಳ ಹಿಂದಕ್ಕೆ ಬೀಳದಂತೆ ಒಳಗಿನಿಂದ ಹತ್ತಿಯ ಪಟ್ಟಿ ಕಟ್ಟಿ. ಕೀಲು ಕಿತ್ತು ಬರುವುದು ಮುಚ್ಚಳದ ಭಾರಕ್ಕೆ. ಪುಟ್ಟ ಮಕ್ಕಳಿರುವ ಮನೆಯಾದರೆ ಸಂದೂಕದ ಚಿಲಕ ತಾನಾಗಿ ಬೀಳದಂತೆ ಕಟ್ಟಿಡಿ, ಕಣ್ಣಾಮುಚ್ಚಾಲೆಯಲ್ಲಿ ಒಳಗೆ ಸೇರಿಕೊಂಡಾರು. ಮೊಬೈಲ್ ಚಾರ್ಜರಿಗೆಂದು ಹಿಂಬದಿ ತೂತು ಕೊರೆಯುವ ಸಲಹೆಗೆ ನಮ್ಮಲ್ಲಿ ಉತ್ತರವಿಲ್ಲ. ಬೀಗದ ಕೈ ಕಳೆದಿದ್ದರೆ ಕೊಂಡಿ ಒಡೆಯದೆ ಬೀಗದ ಕೆಲಸದವರಿಂದ ಕೈ ಮಾಡಿಸಿ. ಬೀಗದೊಳಗೆ ಎಣ್ಣೆ ಬಿಡದೆ ಪೆನ್ಸಿಲ್ ಕಡ್ಡಿಯ (ಗ್ರಾಫೈಟ್) ಪುಡಿ ಹಾಕಿ. ರೇಷ್ಮೆ ಸೀರೆ ಇಡುವುದಾದರೆ ಕೋರಾ ಬಟ್ಟೆ ಸುತ್ತಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಮರಕ್ಕೆ ಜರಿ ತಾಕದಂತೆ ಇಡಿ. ಹಳೇ ಬಣ್ಣ ಬಳಿದ ಪೆಟ್ಟಿಗೆಯಲ್ಲಿ, ಒಳಗೆ ಸೀಸದ ತಗಡು ಹೊದಿಸಿದ ಚಹಾ ಪೆಟ್ಟಿಗೆಯಲ್ಲಿ ತಿನಿಸು ಬೇಡ.

ಕೊಳ್ಳುವ ಮೊದಲು ಅಸಲಿಯನ್ನು ನೋಡಿ ಕಣ್ಣು ಪಳಗಿಸಿಕೊಳ್ಳಲು ರಾಮನಗರದ ಜಾನಪದ ಲೋಕ, ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ, ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಒಳ್ಳೆಯ ಜಾಗಗಳು.

ಕೊನೆಗೆ ಕಾನೂನು. ಮೈಸೂರಿನ ಹಳೇ ಬೀಟೆ ಪೆಟ್ಟಿಗೆಗಳ ಬಿಳಿ ಚಿತ್ತಾರ, ಗಂಧದ ಪೆಟ್ಟಿಗೆಯ ಅಂಚುಪಟ್ಟಿ ಎಷ್ಟೋ ಸಲ ಆನೆದಂತ. ಭಾರತದ ಆನೆದಂತದ ವ್ಯಾಪಾರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1986ರ ತಿದ್ದುಪಡಿಯಿಂದ, ಹೊರಗಿಂದ ತಂದ ದಂತದ್ದು 1991ರ ತಿದ್ದುಪಡಿಯಿಂದ ನಿಷಿದ್ಧ. ಅಂಗಡಿಯವರು ನೂರು ವರ್ಷ ಹಳೇದು ಪರವಾಗಿಲ್ಲ ಎನ್ನುವುದು ಸುಳ್ಳು. ಹಿರಿಯರಿಂದ ಬಂದದ್ದಾದರೆ ಅರಣ್ಯ ಇಲಾಖೆಯ ಮಾಲೀಕತ್ವ ಪ್ರಮಾಣಪತ್ರ ಇರಬೇಕು, ಇದ್ದರೂ ಮಾರುವಂತಿಲ್ಲ. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕ ತೊಟ್ಟವರ ಮೇಲೆ ಕೇಸು ಬಿದ್ದ ಗಲಾಟೆಯ ನಂತರ ಇದನ್ನು ವಿವರಿಸಿ ಹೇಳಬೇಕಿಲ್ಲ. ದಂತವೋ ಮೂಳೆಯೋ ತಿಳಿಯಲು ಭೂತಗನ್ನಡಿ ಸಾಕು: ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕಿ, ಗೀರುಗಳು ಕಾಣುತ್ತವೆ, ದಂತದ ಅಡ್ಡ ಕೊಯ್ತದಲ್ಲಿ ಒಂದನ್ನೊಂದು ಕತ್ತರಿಸುವ ಬಾಗುಗೆರೆಗಳ ಜಾಲ, ಸೆಲ್ಯುಲಾಯ್ಡಿನಲ್ಲಿ (ದಂತದಂತೆ ಕಾಣುವ ಹಳೇ ಕಾಲದ ಪ್ಲಾಸ್ಟಿಕ್) ಒಂದೇ ಸಮನೆಯ ನೇರ ಗೆರೆ. ಕಾದ ಸೂಜಿ ಚುಚ್ಚಿ ನೋಡುವ ಹಳೇ ಪರೀಕ್ಷೆ ಮಾಡಬೇಡಿ, ಸೆಲ್ಯುಲಾಯ್ಡ್ ಆಗಿದ್ದರೆ ಹೊತ್ತಿಕೊಳ್ಳುತ್ತದೆ.

ಅಮೆರಿಕ, ಗಲ್ಫ್ ಕಡೆ ಇರುವ ಮಕ್ಕಳಿಗೆ ಅಜ್ಜಿಯ ಪೆಟ್ಟಿಗೆ ಕಳಿಸುವವರು ಇನ್ನೂ ಎರಡು ವಿಷಯ ನೋಡಬೇಕು. ನೂರು ವರ್ಷ ದಾಟಿದ ಕಲಾವಸ್ತು 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಪುರಾವಸ್ತು; ಖಾಸಗಿಯವರು ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ನೂರು ತುಂಬಿಲ್ಲದ, ಆದರೆ ಹಳತಾಗಿ ಕಾಣುವ ಪೆಟ್ಟಿಗೆಯಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಅದು ಪುರಾವಸ್ತು ಅಲ್ಲವೆಂಬ ಪ್ರಮಾಣಪತ್ರ ಪಡೆದಿಟ್ಟುಕೊಳ್ಳಿ. ಅರ್ಜಿಗೆ ಎಲ್ಲ ಬದಿಯ ಫೋಟೊ, ಅಳತೆ ಬೇಕಾಗುತ್ತದೆ, ವಸ್ತುವನ್ನೇ ತೋರಿಸಬೇಕಾಗಿ ಬರಬಹುದು. ಹಾಗಾಗಿ ಪ್ರಯಾಣದ ಹಿಂದಿನ ವಾರದ ಕೆಲಸವಲ್ಲ ಇದು. ಬೀಟೆಮರ ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ತಯಾರಾದ ಸಾಮಾನಿನಲ್ಲಿ ಆ ಮರದ ತೂಕ 10 ಕೆ.ಜಿ. ಮೀರದಿದ್ದರೆ ವಿನಾಯಿತಿ ಉಂಟು. ಆಭರಣದ ಪೆಟ್ಟಿಗೆ ಅದರೊಳಗೆ ಬರುತ್ತದೆ, ಸಂದೂಕ ಬರುವುದಿಲ್ಲ.

– ಹಳೇ ಪೆಟ್ಟಿಗೆಗಳ ದುರಸ್ತಿ ಮಾಡುವ ಇಬ್ಬರು ಓದುಗರು, ಸಾಗರ